ಟ್ರಾನ್ಸಿಸ್ಟರ್ ಪೆಟ್ಟಿಗೆಯೂ ಜಾಝ್ ಗಿಟಾರೂ

ನಮ್ಮ ಗಡಿನಾಡಿನ ಹಿರಿಯರ ಬಾಯಲ್ಲಿ ಟ್ರಾನ್ಸಿಸ್ಟರ್ ಅಂದರೆ ಇವತ್ತಿಗೂ ರೇಡಿಯೊ. ವಿಜ್ಞಾನ ಪಾಠದಲ್ಲಿ "ಇದು ಟ್ರಾನ್ಸಿಸ್ಟರ್" ಅಂತ ಮೂರು ಕಾಲಿನ ಪುಟ್ಟ ಬಿಡಿಭಾಗ ತೋರಿಸಿದರೆ ಮಕ್ಕಳು ನಗುತ್ತಾರೆ. "ಅಜ್ಜನ ಟ್ರಾನ್ಸಿಸ್ಟರಿಗೆ ಮುಳ್ಳು ತಿರುಗಿಸುವ ಗುಂಡಿ ಇದೆ ಸರ್, ಇದಕ್ಕೆಲ್ಲಿದೆ?" ಅಂತ ಕೇಳುತ್ತಾರೆ!

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಬೆಂಗಳೂರಿನಲ್ಲಿ ಕೆಲಸ, ಬಿಡುವಿನಲ್ಲಿ ಜಾಝ್ ಗಿಟಾರ್ ಕಲಿಕೆ. "ಸರ್, ಹಳೆಯ ಸಾಲಿಡ್ ಸ್ಟೇಟ್ ಆಂಪ್ಲಿಫೈಯರ್ ಒಂದು ಕಡಿಮೆ ಬೆಲೆಗೆ ಸಿಗ್ತಾ ಇದೆ. ಗೆಳೆಯರೆಲ್ಲ ಅದು ಕಸ, ವಾಲ್ವಿನದ್ದೇ ತಗೋ ಅಂತಾರೆ. ಏನು ಮಾಡ್ಲಿ?" ಅಂದ. ನಾನು ಗಿಟಾರ್ ನುಡಿಸುವವನಲ್ಲ, ಕೇಳುವವನು ಮಾತ್ರ. ಆದರೆ ಈ 'ಕಸ' ಅನ್ನುವ ಮಾತಿನ ಹಿಂದೆ ಒಂದು ಇತಿಹಾಸ ಇದೆ. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ವಿಜ್ಞಾನ ಕಲಿಯುವ ಮಕ್ಕಳಿಗೂ ಉಪಯೋಗವಾದೀತು.

ಕೇಳಿಸದ ಗಿಟಾರ್

ಮೈಕ್ ಇಲ್ಲದ ಕಾಲದಲ್ಲಿ ಯಕ್ಷಗಾನದ ಭಾಗವತರು ಚೆಂಡೆಯ ಸದ್ದಿಗಿಂತ ಮೇಲೆ ಕಂಠ ಏರಿಸಿ ಹಾಡಬೇಕಿತ್ತು. ಅಮೆರಿಕದ ಜಾಝ್ ವಾದ್ಯವೃಂದಗಳಲ್ಲಿ ಗಿಟಾರಿನ ಪಾಡು ಇದಕ್ಕಿಂತ ಕಷ್ಟದ್ದು. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನುಗಳ ಸಾಲು, ಜೊತೆಗೆ ಡ್ರಮ್ಸ್. ಅವುಗಳ ನಡುವೆ ತಂತಿವಾದ್ಯಕ್ಕೆ ಕಂಠ ಏರಿಸುವ ಶಕ್ತಿಯೇ ಇಲ್ಲ. ಹಾಗಾಗಿ ಗಿಟಾರ್ ತಾಳದ ಜೊತೆಗಾರನಾಗಿಯೇ ಉಳಿಯಿತು. ಕೌಂಟ್ ಬೇಸಿಯವರ ವಾದ್ಯವೃಂದದ ಫ್ರೆಡ್ಡಿ ಗ್ರೀನ್ 1937ರಿಂದ 1987ರಲ್ಲಿ ತೀರಿಕೊಳ್ಳುವ ತನಕ, ಐವತ್ತು ವರ್ಷ, ಹೀಗೆ ತಾಳದ ಸ್ವರಗುಚ್ಛ ನುಡಿಸಿಯೇ ದೊಡ್ಡವರಾದರು.

ಗಿಟಾರಿಗೆ ಸ್ವಂತ ಮಾತು ಬಂದದ್ದು ವಿದ್ಯುತ್ತಿನಿಂದ. ಗಿಬ್ಸನ್ ಕಂಪೆನಿಯ ಇಎಸ್-150 ಎಂಬ ವಿದ್ಯುತ್ ಗಿಟಾರ್ 1936ರಲ್ಲಿ ಬಂತು. 1939ರಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ಆ ಗಿಟಾರ್ ಹಿಡಿದು ಬೆನ್ನಿ ಗುಡ್‌ಮನ್ ತಂಡ ಸೇರಿದ. ಸ್ಯಾಕ್ಸೊಫೋನಿನ ಹಾಗೆ ಗಿಟಾರೂ ಒಂಟಿಯಾಗಿ ನಿಂತು ಉದ್ದುದ್ದ ಸಾಲುಗಳಲ್ಲಿ ಮಾತಾಡಬಲ್ಲದು ಅಂತ ಲೋಕಕ್ಕೆ ತೋರಿಸಿದ. 1942ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 25 ವರ್ಷ. ಇಷ್ಟು ಸಣ್ಣ ಬದುಕಿನಲ್ಲಿ ಒಂದು ವಾದ್ಯದ ಹಣೆಬರಹ ಬದಲಿಸಿ ಹೋದ.

ಅಂದಿನಿಂದ ಜಾಝ್ ಗಿಟಾರಿಗ ಅಂದರೆ ಎರಡು ವಾದ್ಯ ನುಡಿಸುವವ ಅಂತಲೇ ಲೆಕ್ಕ. ಕೈಯಲ್ಲಿ ಗಿಟಾರ್ ಒಂದು, ಬೆನ್ನ ಹಿಂದಿನ ಪೆಟ್ಟಿಗೆ ಇನ್ನೊಂದು.

ವಾಲ್ವಿನಿಂದ ಟ್ರಾನ್ಸಿಸ್ಟರಿಗೆ

ಆಗಿನ ಆಂಪ್ಲಿಫೈಯರುಗಳೆಲ್ಲ ವಾಲ್ವಿನವು. ಗಾಜಿನ ನಳಿಕೆ, ಒಳಗೆ ಕೆಂಪಗೆ ಕಾಯುವ ತಂತಿ. ಹಳೆಯ ವಾಲ್ವ್ ರೇಡಿಯೊ ನೋಡಿದವರಿಗೆ ಗೊತ್ತು, ಗುಂಡಿ ಒತ್ತಿದ ಮೇಲೆ ಅದು ಕಾದು ಮಾತಾಡಲು ಸ್ವಲ್ಪ ಹೊತ್ತು ಬೇಕು. ವಾಲ್ವು ಬಿಸಿ, ಒಡೆಯುತ್ತದೆ, ಸವೆಯುತ್ತದೆ. ಒಳಗೆ 400 ವೋಲ್ಟ್‌ಗೂ ಮೇಲೆ ಒತ್ತಡ ಇರುವುದುಂಟು. ಅದರ ಜೊತೆಗೆ ಸ್ಪೀಕರಿಗೆ ಹೊಂದಿಸಲು ಕಬ್ಬಿಣದ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇರೆ. ಭಾರ ಹೊತ್ತವನಿಗೇ ಗೊತ್ತು.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟನ್ ಮೊದಲ ಟ್ರಾನ್ಸಿಸ್ಟರ್ ಮಾಡಿ ತೋರಿಸಿದರು. ಅವರಿಗೂ ವಿಲಿಯಂ ಶಾಕ್ಲಿಗೂ 1956ರಲ್ಲಿ ನೊಬೆಲ್ ಬಂತು. ಗಾಜಿಲ್ಲ, ಕಾಯುವ ತಂತಿ ಇಲ್ಲ, ಒಂದು ಚೂರು ಘನ ಹರಳು. ಅದಕ್ಕೇ ಸಾಲಿಡ್ ಸ್ಟೇಟ್ ಅನ್ನುವ ಹೆಸರು. ಮೊದಲಿನವು ಜರ್ಮೇನಿಯಂನವು. ಬಿಸಿಯಾದಂತೆ ಅವುಗಳಲ್ಲಿ ಸೋರುವ ವಿದ್ಯುತ್ ಹೆಚ್ಚುತ್ತದೆ, ಅದರಿಂದ ಇನ್ನಷ್ಟು ಬಿಸಿ, ಕೊನೆಗೆ ಸುಟ್ಟೇ ಹೋಗುತ್ತದೆ. ಆಮೇಲೆ ಬಂದ ಸಿಲಿಕಾನ್ ಟ್ರಾನ್ಸಿಸ್ಟರ್ ಬಿಸಿ ತಡೆಯುವುದರಲ್ಲಿ ಗಟ್ಟಿ.

ಕಿಸೆಗೆ ಹಿಡಿಯುವ ರೇಡಿಯೊ ಮಾಡಲು ಸಣ್ಣ ಟ್ರಾನ್ಸಿಸ್ಟರ್ ಸಾಕು. ಆದರೆ ಸಭಾಂಗಣ ತುಂಬುವ ಗಿಟಾರ್ ಪೆಟ್ಟಿಗೆಗೆ ಹತ್ತಾರು ವ್ಯಾಟ್ ಬೇಕು. ಅಂಥ ಗಟ್ಟಿ ಟ್ರಾನ್ಸಿಸ್ಟರುಗಳು ಕೈಗೆಟಕುವ ಬೆಲೆಗೆ ಸಿಗುವ ಹೊತ್ತಿಗೆ 1960ರ ದಶಕ ಬಂದಿತ್ತು.

ಅವಸರದ ಕೂಸು

ಆ ದಶಕದಲ್ಲಿ 'ಟ್ರಾನ್ಸಿಸ್ಟರ್' ಅನ್ನುವ ಪದಕ್ಕೆ ಇದ್ದ ಮರ್ಯಾದೆ ಈಗಿನ 'ಸ್ಮಾರ್ಟ್' ಪದಕ್ಕೆ ಇದ್ದ ಹಾಗೆ. ಯಾವುದಕ್ಕೆ ಅಂಟಿಸಿದರೂ ಮಾರಾಟವಾಗುತ್ತದೆ! ಕಾರ್ಖಾನೆಗಳಿಗೆ ಖರ್ಚೂ ಕಡಿಮೆ. ಹಾಗಾಗಿ ಎಲ್ಲರೂ ಒಮ್ಮೆಲೇ ನುಗ್ಗಿದರು.

ಎಲ್ಲರಿಗಿಂತ ದೊಡ್ಡ ಎಡವಟ್ಟು ಮಾಡಿಕೊಂಡದ್ದು ಫೆಂಡರ್. 1965ರ ಜನವರಿಯಲ್ಲಿ ಲಿಯೊ ಫೆಂಡರ್ ತನ್ನ ಕಂಪೆನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್ ಸಂಸ್ಥೆಗೆ ಮಾರಿದ. ಹೊಸ ಯಜಮಾನರು 1966ರಲ್ಲಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳ ಸಾಲನ್ನೇ ಹೊರತಂದರು. ಲಿಯೊನ ಕಾಲದಿಂದ ಕಾರ್ಖಾನೆ ನೋಡಿಕೊಂಡಿದ್ದ ಫಾರೆಸ್ಟ್ ವೈಟ್ ಈ ಮಾಲಿಗೆ ಒಪ್ಪಿಗೆ ಕೊಡಲಾರೆ ಅಂದು ಕೆಲಸವನ್ನೇ ಬಿಟ್ಟರು. ಅವರ ಅಂಜಿಕೆ ನಿಜವಾಯಿತು. ಪೆಟ್ಟಿಗೆಗಳು ಕೆಟ್ಟು ವಾಪಸು ಬಂದವು, ನುಡಿಸುವವರು ಬೈದರು, ಕೆಲವೇ ವರ್ಷಗಳಲ್ಲಿ ಆ ಸಾಲು ನಿಂತೇ ಹೋಯಿತು.

ಯಾಕೆ ಹೀಗಾಯಿತು? ಮನೆಯಲ್ಲಿ ಗ್ರಾಮೊಫೋನ್ ಕೇಳುವ ಆಂಪ್ಲಿಫೈಯರ್ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಗಿಟಾರ್ ಪೆಟ್ಟಿಗೆ ಲಾರಿಯಲ್ಲಿ ಕುಲುಕುತ್ತದೆ, ಸ್ಪೀಕರಿನ ಅದುರಿಗೆ ತಾನೂ ಅದುರುತ್ತದೆ, ವೇದಿಕೆಯಲ್ಲಿ ಯಾರೋ ತಂತಿ ಎಡವಿ ಕೀಳುತ್ತಾರೆ. ಸ್ಪೀಕರಿನ ತಂತಿ ಒಂದಕ್ಕೊಂದು ತಾಗಿ ಶಾರ್ಟ್ ಆಯಿತು ಅನ್ನಿ. ವಾಲ್ವಿನ ಪೆಟ್ಟಿಗೆ ಸಾಮಾನ್ಯವಾಗಿ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ರಕ್ಷಣಾ ವ್ಯವಸ್ಥೆ ಇಲ್ಲದ ಟ್ರಾನ್ಸಿಸ್ಟರ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸತ್ತಿರುತ್ತದೆ. ಆ ರಕ್ಷಣೆಯ ಪಾಠ ಆಗಿನ್ನೂ ಪೂರ್ತಿ ಕಲಿತಾಗಿರಲಿಲ್ಲ.

ಇನ್ನೊಂದು ಕಾರಣ ನಾದದ್ದು. ಅದೇ ಹೊತ್ತಿಗೆ ರಾಕ್ ಸಂಗೀತದವರು ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿ, ನಾದ ಒಡೆಯುವುದನ್ನೇ ಒಂದು ಸೊಗಸು ಮಾಡಿಕೊಂಡಿದ್ದರು. ತಗ್ಗು ಬಾಗಿಲಿನ ಹಳೆಯ ಮನೆ ನೆನಪು ಮಾಡಿಕೊಳ್ಳಿ. ವಾಲ್ವು ಆ ಬಾಗಿಲಲ್ಲಿ ತಲೆ ತಗ್ಗಿಸಿ ದಾಟುವವನ ಹಾಗೆ, ಅಲೆಯ ತುದಿ ಮೆಲ್ಲಗೆ ದುಂಡಾಗುತ್ತದೆ. ಟ್ರಾನ್ಸಿಸ್ಟರ್ ನೆಟ್ಟಗೆ ಹೋಗಿ ದಾರಂದಕ್ಕೆ ಹಣೆ ಹೊಡೆದುಕೊಳ್ಳುವವನು, ಅಲೆಯ ತುದಿ ಕತ್ತರಿಸಿದ ಹಾಗೆ ಚಪ್ಪಟೆ. ಕಿವಿಗೆ ಅದು ಕರ್ಕಶ. ಧ್ವನಿ ತಂತ್ರಜ್ಞ ರಸೆಲ್ ಹ್ಯಾಮ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೂ ಇದೇ ಪ್ರಶ್ನೆಯದು. ಶಕ್ತಿ ಮೀರಿದಾಗ ವಾಲ್ವು ಮತ್ತು ಟ್ರಾನ್ಸಿಸ್ಟರ್ ಬೇರೆ ಬೇರೆ ರೀತಿಯ ಉಪಸ್ವರಗಳನ್ನು ಹುಟ್ಟಿಸುತ್ತವೆ ಅಂತ ಅವರು ಅಳೆದು ತೋರಿಸಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. 'ಶಕ್ತಿ ಮೀರಿದಾಗ'. ಮೀರದಿದ್ದರೆ?

ಜಾಝಿನವರಿಗೆ ಬೇಕಾದದ್ದು

ಜಾಝ್ ಗಿಟಾರಿಗರಲ್ಲಿ ಬಹಳ ಮಂದಿಗೆ ನಾದ ಒಡೆಯುವುದು ಬೇಡವೇ ಬೇಡ. ಒಂದು ಸ್ವರಗುಚ್ಛದಲ್ಲಿ ನಾಲ್ಕೈದು ಸ್ವರಗಳಿರುತ್ತವೆ, ಅವುಗಳಲ್ಲಿ ಎರಡು ಪಕ್ಕಪಕ್ಕದವೂ ಇರಬಹುದು. ನಾದ ಸ್ವಲ್ಪ ಒಡೆದರೂ ಎಲ್ಲ ಕಲಸಿ ಗಂಜಿಯಾಗುತ್ತದೆ. ಟೊಳ್ಳು ಒಡಲಿನ ಗಿಟಾರ್, ದಪ್ಪ ನಯವಾದ ತಂತಿ, ಬೆರಳಿನ ಮೆದು. ಇವನ್ನೆಲ್ಲ ಇದ್ದ ಹಾಗೆ ದೊಡ್ಡದು ಮಾಡಿ ಕೊಟ್ಟರೆ ಸಾಕು. ಟ್ರಾನ್ಸಿಸ್ಟರ್ ಚೆನ್ನಾಗಿ ಮಾಡುವ ಕೆಲಸವೂ ಅದೇ. ಬಾಗಿಲು ಎತ್ತರ ಇಟ್ಟರೆ, ಅಂದರೆ ಶಕ್ತಿ ಧಾರಾಳ ಇದ್ದರೆ, ತಲೆ ತಾಗುವ ಪ್ರಶ್ನೆಯೇ ಬರುವುದಿಲ್ಲ.

ವೆಸ್ ಮಾಂಟ್ಗೊಮೆರಿಯ ಹೆಸರು ಜಾಝ್ ಕೇಳುವ ಎಲ್ಲರಿಗೂ ಗೊತ್ತು. ಇಂಡಿಯಾನಾಪೊಲಿಸ್ ಊರಿನವನು. ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ ಸಂಸಾರಿ. ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂತ ಕಡ್ಡಿ ಬಿಟ್ಟು ಹೆಬ್ಬೆರಳಿನಲ್ಲಿ ಮೀಟುವುದು ರೂಢಿಸಿಕೊಂಡ ಅನ್ನುತ್ತಾರೆ. ಆ ಹೆಬ್ಬೆರಳಿನ ನಾದವೇ ಅವನ ಗುರುತಾಯಿತು. ಅವನು 1960ರ ದಶಕದ ನಡುವಿನಲ್ಲಿ ಬಳಸಿದ್ದು ಸ್ಟ್ಯಾಂಡೆಲ್ ಎಂಬ ಕಂಪೆನಿಯ ಟ್ರಾನ್ಸಿಸ್ಟರ್ ಪೆಟ್ಟಿಗೆ, 15 ಇಂಚಿನ ಸ್ಪೀಕರಿನದ್ದು. ಸ್ಟ್ಯಾಂಡೆಲ್ ಅಂದರೆ ಕ್ಯಾಲಿಫೋರ್ನಿಯಾದ ಬಾಬ್ ಕ್ರುಕ್ಸ್ ಎಂಬಾತ 1950ರ ದಶಕದಲ್ಲಿ ಶುರು ಮಾಡಿದ ಸಣ್ಣ ಉದ್ಯಮ. ಟ್ರಾನ್ಸಿಸ್ಟರಿಗೆ ಬೇಗ ಹೊರಳಿದವರಲ್ಲಿ ಅವನೂ ಒಬ್ಬ. 'ಕಸ' ಅನ್ನುವವರು ಒಮ್ಮೆ ಇದನ್ನು ನೆನಪಿಡಬೇಕು. ವೆಸ್ 1968ರಲ್ಲಿ, 45ನೇ ವಯಸ್ಸಿನಲ್ಲಿ ತೀರಿಕೊಂಡ.

ಆದರೆ ಜಾಝ್ ಮತ್ತು ಟ್ರಾನ್ಸಿಸ್ಟರಿನ ಮದುವೆ ನಿಜವಾಗಿ ಗಟ್ಟಿಯಾದದ್ದು ಒಬ್ಬ ಅಕಾರ್ಡಿಯನ್ ವಾದಕನಿಂದ! ಟಾಮಿ ಗುಮಿನಾ ಅಂತ ಹೆಸರು. ಅಕಾರ್ಡಿಯನ್ ನಮ್ಮ ಹಾರ್ಮೋನಿಯಂನ ಸಂಬಂಧಿ, ತಿದಿ ಎಳೆದು ನುಡಿಸುವ ವಾದ್ಯ. ಗುಮಿನಾ ಹ್ಯಾರಿ ಜೇಮ್ಸ್ ವಾದ್ಯವೃಂದದಲ್ಲಿ ಹೆಸರು ಮಾಡಿ, 1960ರ ದಶಕದ ಆರಂಭದಲ್ಲಿ ಕ್ಲಾರಿನೆಟ್ ವಾದಕ ಬಡ್ಡಿ ಡಿಫ್ರಾಂಕೊ ಜೊತೆ ಸೇರಿ ತಂಡ ಕಟ್ಟಿದ್ದವನು. ಆಮೇಲೆ ಪಾಲಿಟೋನ್ ಎಂಬ ಕಂಪೆನಿ ತೆರೆದ. 1970ರ ದಶಕದಲ್ಲಿ ಅದರಿಂದ 'ಮಿನಿ ಬ್ರೂಟ್' ಎಂಬ ಸಾಲು ಬಂತು. ಚೌಕಾಕಾರದ ಸಣ್ಣ ಪೆಟ್ಟಿಗೆ, ಹೊರಗೆ ಮೆತ್ತೆ ಹಾಕಿದ ಕಪ್ಪು ಹೊದಿಕೆ, ಒಳಗೆ ಒಂದು ದೊಡ್ಡ ಸ್ಪೀಕರ್, ನಾದವನ್ನು ಮಂದಕ್ಕೋ ಚುರುಕಿಗೋ ತಿರುಗಿಸುವ ಒಂದು ಸ್ವಿಚ್ಚು. ನೋಡಲು ಏನೂ ಚಂದ ಇಲ್ಲ. ಆದರೆ ಒಂದು ಕೈಯಲ್ಲಿ ಎತ್ತಿ ಟ್ಯಾಕ್ಸಿಗೆ ಹಾಕಬಹುದು. ದಿನಕ್ಕೊಂದು ಕ್ಲಬ್ಬಿನಲ್ಲಿ ನುಡಿಸಿ ಹೊಟ್ಟೆ ಹೊರೆಯುವವನಿಗೆ ಇದು ಸಣ್ಣ ಮಾತಲ್ಲ. ಮಂದ್ರದಿಂದ ತಾರದವರೆಗೆ ತುಂಬು ನಾದ ಬೇಕಾದ ಅಕಾರ್ಡಿಯನ್ ವಾದಕನ ಕಿವಿಯೇ ಇದರ ಹಿಂದೆ ಕೆಲಸ ಮಾಡಿರಬೇಕು ಅಂತ ನನ್ನ ಊಹೆ.

ಪಾಲಿಟೋನ್ ಹಿಡಿದವರ ಪಟ್ಟಿ ನೋಡಿ: ಜೋ ಪಾಸ್, ಹರ್ಬ್ ಎಲ್ಲಿಸ್, ಜಿಮ್ ಹಾಲ್, ಜಾರ್ಜ್ ಬೆನ್ಸನ್. ಜಾಝ್ ಗಿಟಾರಿನ ಆ ಕಾಲದ ದೊಡ್ಡ ಹೆಸರುಗಳು. ಇವರಲ್ಲಿ ಜೋ ಪಾಸ್ ಕತೆ ಮನಸ್ಸಿಗೆ ತಾಗುವಂಥದ್ದು. ಮಾದಕ ವ್ಯಸನದಲ್ಲಿ ವರ್ಷಗಟ್ಟಲೆ ಕಳೆದುಕೊಂಡು, ಸಿನಾನನ್ ಎಂಬ ಪುನರ್ವಸತಿ ಕೇಂದ್ರ ಸೇರಿ, 1962ರಲ್ಲಿ ಅಲ್ಲಿನ ಸಹವಾಸಿಗಳ ಜೊತೆಯಲ್ಲೇ ಆಲ್ಬಂ ಮಾಡಿ ಮೇಲೆದ್ದವನು. ಆಗ ಅವನಿಗೆ ಸ್ವಂತ ಜಾಝ್ ಗಿಟಾರೂ ಇರಲಿಲ್ಲ, ಅಭಿಮಾನಿಯೊಬ್ಬ ಕೊಡಿಸಿದ. 1970ರ ದಶಕದಲ್ಲಿ ಒಂಟಿ ಗಿಟಾರಿನಲ್ಲೇ ಇಡೀ ಕಛೇರಿ ನಡೆಸಿದ. ಮಂದ್ರ, ರಾಗ, ತಾಳ ಮೂರನ್ನೂ ಒಬ್ಬನೇ ಹೊರುವವನಿಗೆ ಸ್ವರ ಸ್ವರವನ್ನೂ ಬಿಡಿಸಿ ಹೇಳುವ ಪೆಟ್ಟಿಗೆ ಬೇಕೇ ಬೇಕಲ್ಲವೇ?

ಪ್ಯಾಟ್ ಮೆಥೇನಿಯದ್ದು ಇನ್ನೊಂದು ದಾರಿ. ಲಾಸ್ ಏಂಜಲಿಸ್‌ನ ಅಕೂಸ್ಟಿಕ್ ಕಂಪೆನಿಯ 134 ಎಂಬ ಟ್ರಾನ್ಸಿಸ್ಟರ್ ಪೆಟ್ಟಿಗೆ, ನಾಲ್ಕು 10 ಇಂಚಿನ ಸ್ಪೀಕರಿನದ್ದು, ಹಲವು ವರ್ಷ ಅವನ ಸಂಗಾತಿಯಾಗಿತ್ತು. ಅವನ ಮೊದಲ ಆಲ್ಬಂ 'ಬ್ರೈಟ್ ಸೈಜ್ ಲೈಫ್' 1976ರದ್ದು. ಅದರಲ್ಲಿ ಬೇಸ್ ನುಡಿಸಿದ ಜಾಕೊ ಪಾಸ್ಟೋರಿಯಸ್‌ನ ಹೆಸರಿನ ಜೊತೆ ಅಂಟಿಕೊಂಡದ್ದೂ ಇದೇ ಕಂಪೆನಿಯ 360 ಎಂಬ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್.

ಇನ್ನು ಜಪಾನ್. ಇಕುತಾರೊ ಕಾಕೆಹಾಶಿ 1972ರಲ್ಲಿ ಒಸಾಕಾದಲ್ಲಿ ಕಟ್ಟಿದ ರೋಲ್ಯಾಂಡ್ ಕಂಪೆನಿ 1975ರಲ್ಲಿ ಜೆಸಿ-120 ಹೊರತಂದಿತು. ಜೆಸಿ ಅಂದರೆ ಜಾಝ್ ಕೋರಸ್. 60 ವ್ಯಾಟಿನ ಎರಡು ಆಂಪ್ಲಿಫೈಯರ್, 12 ಇಂಚಿನ ಎರಡು ಸ್ಪೀಕರ್. ಇದರ ಕೋರಸ್ ತಂತ್ರ ಮಕ್ಕಳಿಗೆ ಹೇಳಲು ಬಹಳ ಚೆಂದ. ಬೆಳಗಿನ ಪ್ರಾರ್ಥನೆಯಲ್ಲಿ ನೂರು ಮಕ್ಕಳು ಒಂದೇ ಹಾಡು ಹಾಡಿದರೂ ಎಲ್ಲರ ಸ್ವರ, ಕಾಲ ಕೂದಲೆಳೆಯಷ್ಟು ಹಿಂದೆ ಮುಂದೆ ಇರುತ್ತದೆ. ಆ ವ್ಯತ್ಯಾಸದಿಂದಲೇ ಸಮೂಹಗಾನದ ತುಂಬು. ಜೆಸಿ-120ರಲ್ಲಿ ಒಂದು ಸ್ಪೀಕರಿಗೆ ಗಿಟಾರಿನ ನಾದ ನೇರ ಹೋಗುತ್ತದೆ. ಇನ್ನೊಂದಕ್ಕೆ ಸೆಕೆಂಡಿನ ಸಾವಿರದ ಕೆಲವು ಪಾಲಿನಷ್ಟು ತಡವಾಗಿ, ತುಸು ಓಲಾಡುತ್ತಾ ಹೋಗುತ್ತದೆ. ಎರಡೂ ಬೆರೆಯುವುದು ಗಾಳಿಯಲ್ಲಿ. ತಡ ಮಾಡಿಸುವ ಚಿಪ್ಪಿನೊಳಗೆ ಪುಟ್ಟ ಧಾರಕಗಳ ಸಾಲು, ಬೆಂಕಿ ಆರಿಸಲು ಜನ ಕೈಯಿಂದ ಕೈಗೆ ಬಕೆಟ್ ದಾಟಿಸಿದ ಹಾಗೆ ಒಂದರಿಂದ ಒಂದಕ್ಕೆ ವಿದ್ಯುದಂಶ ದಾಟಿಸುತ್ತವೆ. ಅದರ ಹೆಸರೂ 'ಬಕೆಟ್ ಬ್ರಿಗೇಡ್' ಅಂತಲೇ! ತಮಾಷೆ ಅಂದರೆ ಜಾಝ್ ಹೆಸರಿನ ಈ ಪೆಟ್ಟಿಗೆಯನ್ನು ಮನೆಮಾತು ಮಾಡಿದ್ದರಲ್ಲಿ ದಿ ಪೊಲೀಸ್, ದಿ ಕ್ಯೂರ್ ಮುಂತಾದ ರಾಕ್ ತಂಡಗಳ ಪಾಲೇ ದೊಡ್ಡದು. ಅವರು ಬಯಸಿದ್ದೂ ಒಡೆಯದ ನಿರ್ಮಲ ನಾದವನ್ನೇ.

ಬ್ಲೂಸ್‌ನ ಬಿ.ಬಿ. ಕಿಂಗ್ ಮೆಚ್ಚಿ ಬಳಸಿದ ಲ್ಯಾಬ್ ಸೀರೀಸ್ ಎಲ್5, ರೋಲ್ಯಾಂಡಿನದೇ ಕಿತ್ತಳೆ ಬಣ್ಣದ ಕ್ಯೂಬ್-60, ಇವೆರಡೂ 1970ರ ದಶಕದ ಕೊನೆಯವು. ಅಷ್ಟು ಹೊತ್ತಿಗೆ ಟ್ರಾನ್ಸಿಸ್ಟರ್ ತನ್ನ ಕೆಲಸ ಯಾವುದು ಅಂತ ಕಂಡುಕೊಂಡಿತ್ತು. ಹತ್ತು ವರ್ಷ ಮೊದಲು ಬೈಸಿಕೊಂಡದ್ದೂ ಟ್ರಾನ್ಸಿಸ್ಟರೇ, ಈಗ ಹೊಗಳಿಸಿಕೊಂಡದ್ದೂ ಟ್ರಾನ್ಸಿಸ್ಟರೇ. ನಡುವೆ ಅದರ ರಕ್ಷಣೆಯ ಪಾಠ ಕಲಿತಾಗಿತ್ತು, ಜೊತೆಗೆ ಅದರಿಂದ ಕೇಳುವ ಕೆಲಸವೂ ಬದಲಾಗಿತ್ತು.

ಹಳೆಯದನ್ನು ಕೊಳ್ಳುವುದಾದರೆ

ನನ್ನ ಶಿಷ್ಯನಿಗೆ ಹೇಳಿದ ಮಾತುಗಳನ್ನು ಇಲ್ಲಿ ಒಂದೊಂದಾಗಿ ಬರೆಯುತ್ತೇನೆ.

ಮೊದಲು ಹಿಂಬದಿಯ ಚೀಟಿ ಓದಬೇಕು. ಅಮೆರಿಕದ ಪೆಟ್ಟಿಗೆ 120 ವೋಲ್ಟಿನದ್ದು, ಜಪಾನಿನ ಸ್ವದೇಶಿ ಮಾಲು 100 ವೋಲ್ಟಿನದ್ದು, ನಮ್ಮ ಮನೆಯದು 230. ಒತ್ತಡ ಎರಡು ಪಟ್ಟಾದರೆ ರೋಧಕದಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಓಮನ ನಿಯಮ ಓದಿದ ಮಕ್ಕಳು ಲೆಕ್ಕ ಮಾಡಿ ನೋಡಲಿ. ಅಂಥ ಪೆಟ್ಟಿಗೆಯನ್ನು ನೇರ ಪ್ಲಗ್ಗಿಗೆ ಸಿಕ್ಕಿಸಿದರೆ ಹೊಗೆ ಗ್ಯಾರಂಟಿ. ಒತ್ತಡ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಸಾಮರ್ಥ್ಯದ್ದು.

ಎರಡನೆಯದು ಅರ್ತ್. ಹಳೆಯ ಅಮೆರಿಕನ್ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಎರಡೇ ಪಿನ್ನಿನ ಪ್ಲಗ್. ಗಿಟಾರಿನ ತಂತಿ ಪೆಟ್ಟಿಗೆಯ ಲೋಹಕ್ಕೆ ಸೇರಿರುತ್ತದೆ, ಆ ತಂತಿಯ ಮೇಲೆ ಕೈ. ತಿಳಿದವರಿಂದ ಮೂರು ಪಿನ್ನಿನ ಅರ್ತ್ ಸಹಿತ ತಂತಿ ಹಾಕಿಸದೆ ನುಡಿಸಲೇಬಾರದು.

ಮೂರನೆಯದು ಗುಂಯ್ ಸದ್ದು. ಏನೂ ನುಡಿಸದೆ ಇದ್ದಾಗಲೂ ಜೋರಾಗಿ ಗುಂಯ್ ಅನ್ನುತ್ತಿದ್ದರೆ ಒಳಗಿನ ದೊಡ್ಡ ಎಲೆಕ್ಟ್ರೋಲಿಟಿಕ್ ಧಾರಕಗಳು ಒಣಗಿರುವ ಸಂಭವ ಹೆಚ್ಚು. ನಲವತ್ತು ಐವತ್ತು ವರ್ಷ ಹಳೆಯ ಪೆಟ್ಟಿಗೆಯಲ್ಲಿ ಇದು ಸಹಜ. ಬದಲಿಸಬಹುದು, ಆದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿಯೇ ಚೌಕಾಶಿ ಮಾಡಬೇಕು. ಗುಂಡಿ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಹೆದರುವುದು ಬೇಡ, ಹೆಚ್ಚಾಗಿ ಅದು ಧೂಳು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಇಂಥ ಪೆಟ್ಟಿಗೆಗಳಲ್ಲಿ ಬಹಳವುಗಳಲ್ಲಿ ಸ್ಪೀಕರ್ ನೇರವಾಗಿ ಟ್ರಾನ್ಸಿಸ್ಟರಿಗೆ ಜೋಡಿಸಿರುತ್ತದೆ. ಒಂದು ಟ್ರಾನ್ಸಿಸ್ಟರ್ ಒಳಗೇ ಶಾರ್ಟ್ ಆದರೆ ನೇರ ವಿದ್ಯುತ್ ಸ್ಪೀಕರಿಗೆ ನುಗ್ಗಿ ಸುರುಳಿಯನ್ನು ಸುಡುತ್ತದೆ. ಹಾಗಾಗಿ ಗಿಟಾರ್ ಸಿಕ್ಕಿಸದೆ, ಸ್ಪೀಕರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು ಡಿಸಿ ಅಳೆಯಬೇಕು. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಚಿಂತೆಯಿಲ್ಲ, ವೋಲ್ಟುಗಳೇ ಕಂಡರೆ ಕೂಡಲೇ ಆಫ್ ಮಾಡಿ. ಬಹಳ ವರ್ಷ ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ಮೊದಲ ಬಾರಿ ಹಚ್ಚುವಾಗ ನಮ್ಮ ರೇಡಿಯೊ ರಿಪೇರಿಯವರು ಮಾಡುತ್ತಿದ್ದ ಹಾಗೆ ಸೀರೀಸ್ ಬಲ್ಬ್ ಹಾಕುವುದು ಒಳ್ಳೆಯದು. ತಂತುವಿನ ಹಳೆಯ ಬಲ್ಬೇ ಆಗಬೇಕು, ಎಲ್ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಹೊಳೆದು ಮಂದವಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ.

ಇನ್ನು ಬೇರೆ ಸ್ಪೀಕರ್ ಜೋಡಿಸುವಾಗ ಬರೆದಿರುವ ಓಮ್‌ಗಿಂತ ಕಡಿಮೆಯದನ್ನು ಹಾಕಬಾರದು. ವಾಲ್ವಿನದನ್ನು ಸ್ಪೀಕರ್ ಇಲ್ಲದೆ ಹಚ್ಚಬಾರದು, ಟ್ರಾನ್ಸಿಸ್ಟರಿನದನ್ನು ಶಾರ್ಟ್ ಮಾಡಬಾರದು. ಇವೆರಡು ನೆನಪಿದ್ದರೆ ಅರ್ಧ ಅಪಾಯ ತಪ್ಪಿತು.

ಮಕ್ಕಳಿಗೆ ಒಂದು ಕಟ್ಟುನಿಟ್ಟಿನ ಮಾತು. ಪ್ಲಗ್ ತೆಗೆದ ಮೇಲೂ ದೊಡ್ಡ ಧಾರಕಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅಳೆಯುವುದು, ತೆರೆಯುವುದು ಎಲ್ಲ ತಿಳಿದ ಹಿರಿಯರ ಕೆಲಸ. ನೀವು ಪಕ್ಕದಲ್ಲಿ ಕೂತು ನೋಡಿ.

ರಿಪೇರಿಯ ಮಾತು

ಕೊನೆಗೊಂದು ಪ್ರಶ್ನೆ: ಇದನ್ನು ರಿಪೇರಿ ಮಾಡಲು ಸಾಧ್ಯವೇ? ಹಳೆಯ ಪೆಟ್ಟಿಗೆಗಳಲ್ಲಿ ಎರಡು ಜಾತಿ. ಕೆಲವು ಸ್ಟ್ಯಾಂಡೆಲ್‌ಗಳ ಹಾಗೆ ಸರ್ಕಿಟ್ಟನ್ನು ಗಟ್ಟಿ ಅಂಟಿನೊಳಗೆ ಮುಳುಗಿಸಿ ಮುಚ್ಚಿಬಿಟ್ಟವು. ಒಳಗೆ ಒಂದು ರೋಧಕ ಹೋದರೂ ಇಡೀ ತುಂಡು ಹೋದ ಹಾಗೆ. ಇನ್ನು ಕೆಲವು ಬಿಡಿ ಟ್ರಾನ್ಸಿಸ್ಟರ್, ಬಿಡಿ ರೋಧಕ, ಬಿಡಿ ಧಾರಕಗಳನ್ನು ಕಣ್ಣಿಗೆ ಕಾಣುವ ಹಾಗೆ ಬೆಸೆದಿಟ್ಟವು. ಇವಕ್ಕೆ ಸಾವಿಲ್ಲ, ಬೆಸೆಯುವ ಕೈ ಇರುವ ತನಕ. ಪಾಲಿಟೋನಿನ ಗುಮಿನಾ 2013ರಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಗಳು ಈಗಲೂ ವೇದಿಕೆಯ ಮೇಲಿವೆ. ಎಲ್ಲೆಲ್ಲೋ ಯಾರು ಯಾರೋ ಅವನ್ನು ಬಿಚ್ಚಿ ಬೆಸೆದು ಉಳಿಸಿಕೊಂಡಿದ್ದಾರೆ.

ನಮ್ಮ ಪೇಟೆಯಲ್ಲಿದ್ದ ರೇಡಿಯೊ ರಿಪೇರಿ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಸೀರೀಸ್ ಬಲ್ಬ್ ಹಾಕಿ ನೋಡುವ ಆ ಜ್ಞಾನ ಯಾವ ಪಠ್ಯದಲ್ಲೂ ನನಗೆ ಸಿಕ್ಕಿಲ್ಲ, ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡಿದ್ದು. ನಮ್ಮ ಮಕ್ಕಳು ರೋಧಕ, ಧಾರಕ ಅಂತ ಕನ್ನಡದಲ್ಲೇ ಕಲಿಯುತ್ತಾರೆ. ಆ ಪದಗಳ ಹಿಂದಿನ ವಸ್ತುವನ್ನು ಕೈಯಲ್ಲಿ ಹಿಡಿದು ಒಮ್ಮೆಯಾದರೂ ಬೆಸೆದು ನೋಡಿದರೆ ಪಾಠ ಮರೆಯುವುದಿಲ್ಲ.

ಶಿಷ್ಯನಿಗೆ ಹೇಳಿದ್ದು ಇಷ್ಟೇ. "ನೀನು ನಾದ ಒಡೆದು ನುಡಿಸುವವನಾದರೆ ಗೆಳೆಯರ ಮಾತು ಕೇಳು. ನಿನ್ನ ಬೆರಳು ಹೇಳಿದ್ದನ್ನು ಹಾಗೇ ಕೇಳಿಸಬೇಕು ಅಂತಿದ್ದರೆ ಆ ಪೆಟ್ಟಿಗೆ ನಿನಗೆ ಸಾಕು. ಆದರೆ ಮೊದಲು ಹಿಂದಿನ ಮುಚ್ಚಳ ತೆಗೆಸಿ ನೋಡು, ಒಳಗೆ ಬಿಡಿಭಾಗ ಕಾಣುತ್ತದೋ ಅಂಟಿನ ಗಡ್ಡೆ ಕಾಣುತ್ತದೋ ಅಂತ." ಅವನು ಮರುದಿನ ಫೋಟೊ ಕಳಿಸಿದ. ಬಿಡಿಭಾಗಗಳೇ ಕಂಡವು, ಒಂದು ಮೂಲೆಯಲ್ಲಿ ಯಾರೋ ಹಿಂದೆ ಬೆಸೆದ ಗುರುತೂ ಇತ್ತು. ಯಾರೋ ಒಬ್ಬರು ಒಮ್ಮೆ ಅದನ್ನು ಉಳಿಸಿದ್ದಾರೆ. ತಗೋ ಅಂದೆ.